ಅಕ್ಕನ ಬಟ್ಟಲಿನ ಕಿತ್ತಳೆ

ಕಾಂತೊ, ಕಾಲುವೆ ದಡದ ಮನೆ
ಜನವರಿ 26, 2004
ಹೊಸ ವರ್ಷದ ಐದನೇ ದಿನ

ದಾವೊ ಅಕ್ಕನಿಗೆ,

ಚೆನ್ನಾಗಿದ್ದೀಯಾ? ನಿನ್ನ ಗಂಡ, ಅತ್ತೆ ಚೆನ್ನಾಗಿದ್ದಾರಾ? ಕಾಗದವನ್ನು ಹೀಗೆ ಶುರು ಮಾಡಬೇಕಂತೆ, ಮಾಡಿದೆ. ನಿನ್ನ ಕಾಗದ ಬಂದು ಒಂದು ಮಳೆಗಾಲವೇ ಮುಗಿಯಿತು, ಉತ್ತರ ಬರೆಯಲಿಲ್ಲ, ತಪ್ಪಾಯಿತು. ಆದರೆ ಪೂರ್ತಿ ತಪ್ಪು ನನ್ನದಲ್ಲ. ಈ ವರ್ಷವೂ ಹಬ್ಬಕ್ಕೆ ಬರೋಕಾಗಲ್ಲ ಅನ್ನುವ ಕಾಗದಕ್ಕೆ ಏನಂತ ಉತ್ತರ ಬರೆಯಲಿ? ಓದಿ ಸಂತೋಷವಾಯಿತು ಅಂತಲಾ? ಆಗಲೇ ಪೆನ್ನು ಹಿಡಿದಿದ್ದೆ. ಬರೀ ಬೈಗುಳ ಬಂತು. ಹರಿದು ಒಲೆಗೆ ಹಾಕಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನಿನ್ನನ್ನು ಒಂದು ಮಾತು ಕೇಳಬೇಕು. ಅದಕ್ಕೇ ಈ ಕಾಗದ. ನೀನು ಅಲ್ಲಿ ತೈವಾನಿನಲ್ಲಿ ನಿಜವಾಗಲೂ ಸುಖವಾಗಿದ್ದೀಯಾ? ಎಲ್ಲ ಚೆನ್ನಾಗಿದೆ, ಅತ್ತೆ ಒಳ್ಳೆಯವರು, ಇಲ್ಲಿ ಚಳಿ ಜಾಸ್ತಿ. ಪ್ರತಿ ಕಾಗದದಲ್ಲೂ ಇಷ್ಟೇ ಇರುತ್ತದೆ. ಅಂಗಡಿಯವರು ಅಚ್ಚು ಹಾಕಿಸಿದ ಚೀಟಿಯ ಹಾಗೆ. ಹೋದ ವರ್ಷ ಫೋನಿನಲ್ಲಿ ಅಮ್ಮ ಮಾತಾಡಿದ ಮೇಲೆ ನನ್ನ ಕೈಗೆ ಕೊಟ್ಟಳಲ್ಲ, ತಾನೂ ಪಕ್ಕದಲ್ಲೇ ಕಿವಿಯಿಟ್ಟು ನಿಂತಿದ್ದಳು, ಆಗ ನಿನ್ನ ಹಿಂದಿನಿಂದ ಒಬ್ಬಳು ಕೂಗಿದಳು. ನೀನು ಅವರ ಭಾಷೆಯಲ್ಲಿ ಏನೋ ಅಂದೆ. ಆ ದನಿ ನಿನ್ನದಲ್ಲ. ನನಗೆ ಬೈಯುವಾಗ, ಬಾತುಕೋಳಿ ಅಟ್ಟುವಾಗ, ದೋಣಿಯವನ ಹತ್ತಿರ ಚೌಕಾಸಿ ಮಾಡುವಾಗ, ನಿನ್ನ ದನಿ ಯಾವತ್ತೂ ಹಾಗೆ ಸಣ್ಣಗಾಗಿದ್ದಿಲ್ಲ. ಆಮೇಲೆ ಫೋನ್ ಕಟ್ಟಾಯಿತು. ಲೈನ್ ಹೋಯಿತು ಅಂತ ಅಮ್ಮ ಎಲ್ಲರಿಗೂ ಹೇಳಿದಳು. ಲೈನ್ ಹೋಗಿರಲಿಲ್ಲ, ಅಕ್ಕ. ಇಟ್ಟ ಸದ್ದು ನನಗೆ ಕೇಳಿತ್ತು.

ಸುಮ್ಮನೆ ಕೇಳುತ್ತಿಲ್ಲ. ಯಾಕೆ ಅಂತ ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಮಿಕ್ಕಿದ್ದಕ್ಕೆ ಕೈ ಓಡುವುದಿಲ್ಲ.

ಮನೆ ಸುದ್ದಿ ಕೇಳು. ಈ ಸಲ ಹಬ್ಬದ ಸಕ್ಕರೆ ಪಾಕದ ಹಣ್ಣೆಲ್ಲ ನಾನೊಬ್ಬಳೇ ಮಾಡಿದೆ. ಹಬ್ಬಕ್ಕೆ ಹೂ ಬಿಡಲಿ ಅಂತ ಅಂಗಳದ ಹಳದಿ ಹೂವಿನ ಗಿಡದ ಎಲೆ ಕೀಳುತ್ತಿದ್ದೆ. ಅಮ್ಮ ಬಂದು ಪಕ್ಕ ನಿಂತು, ಈ ವರ್ಷ ನಾನು ಒಂದಕ್ಕೂ ಕೈ ಹಾಕುವುದಿಲ್ಲ, ಶುಂಠಿ, ಕೊಬ್ಬರಿ, ಬೂದುಗುಂಬಳ, ಕಿತ್ತಳೆ ಎಲ್ಲ ನಿನ್ನದೇ ಅಂದಳು. ಯಾಕೆ, ನಿನ್ನ ಕೈಗೆ ಏನಾಗಿದೆ ಅಂದೆ. ಅವಳು ಹೋಗಿ ಜೋಲಿಯಲ್ಲಿ ಕೂತು ಅಡಿಕೆ ಜಗಿಯತೊಡಗಿದಳು. ನನಗೆ ರೇಗಿತು. ಮಾಡಿ ತೋರಿಸಿಯೇಬಿಡುತ್ತೇನೆ ಅಂತ ಹಟ ಬಂತು. ನನ್ನ ಹಟ ನಿನಗೆ ಗೊತ್ತು. ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು.

ಸಕ್ಕರೆ ತರಲು ತಾಮ್ ಚಿಕ್ಕಮ್ಮನ ಅಂಗಡಿಗೆ ಹೋದೆ. ಅವಳ ಬಾಯಿ ಇನ್ನೂ ಹಾಗೇ ಇದೆ. ಇಷ್ಟೊಂದು ಸಕ್ಕರೆ ಯಾಕೇ, ಮೊದಲು ಒಂದು ಹಿಡಿ ನಿನ್ನ ನಾಲಗೆ ಮೇಲೆ ಸುರ್ಕೋ, ಯಾವನಾದ್ರೂ ಕಟ್ಕೋತಾನೆ ಅಂದಳು. ನಿಮ್ಮ ಸಕ್ಕರೆಯಲ್ಲಿ ಸಿಹಿಗಿಂತ ಇರುವೆ ಜಾಸ್ತಿ, ಕಚ್ಚುತ್ತೆ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬೈಯುತ್ತಲೇ ಒಂದು ಹಿಡಿ ಜಾಸ್ತಿ ಹಾಕಿಕೊಟ್ಟಳು. ಮತ್ತೆ ದನಿ ತಗ್ಗಿಸಿ, ನಿಮ್ಮಕ್ಕ ಬರ್ತಾಳಾ ಅಂತ ಕೇಳಿದಳು. ಇಲ್ಲ ಅಂದೆ. ಅವಳು ಇನ್ನೊಂದು ಹಿಡಿ ಹಾಕಿದಳು. ಅದಕ್ಕೆ ಮಾತ್ರ ನನಗೆ ಅಳು ಬಂತು. ಬೇಡ ಅಂತ ವಾಪಸ್ ಸುರಿದು ಬಂದೆ.

ಶುಂಠಿ, ಕೊಬ್ಬರಿ, ಬೂದುಗುಂಬಳ ಒಬ್ಬಳೇ ಮಾಡಬಹುದು. ಕಿತ್ತಳೆ ಒಬ್ಬರ ಕೆಲಸ ಅಲ್ಲ ಅಕ್ಕ. ಗೋಲಿ ಗಾತ್ರದ ಆ ಹಣ್ಣಿನ ಮೈಗೆ ನೀನು ಬ್ಲೇಡಿನಿಂದ ಸುತ್ತಲೂ ಗೀರು ಹಾಕಿ ಕೊಡುತ್ತಿದ್ದೆ, ನಾನು ಉಪ್ಪುನೀರಿನಲ್ಲಿ ಮೆಲ್ಲಗೆ ಒತ್ತಿ ಬೀಜ ಹೊರಡಿಸುತ್ತಿದ್ದೆ. ನೀನು ಮುಂದೆ, ನಾನು ಹಿಂದೆ. ಬಾಯಿ ಮಾತ್ರ ಇಬ್ಬರದೂ ಒಟ್ಟಿಗೆ. ಈಗ ನಾನೇ ಗೀರಬೇಕು, ಬ್ಲೇಡು ಇಡಬೇಕು, ಒತ್ತಬೇಕು, ಮತ್ತೆ ಬ್ಲೇಡು ಹುಡುಕಬೇಕು. ನೀನು ಹೋದ ಮೇಲೆ ಎರಡು ವರ್ಷ ಅಮ್ಮ ನಿನ್ನ ಜಾಗದಲ್ಲಿ ಕೂತಿದ್ದಳು. ಈ ವರ್ಷ ಆ ಮಣೆ ಖಾಲಿ. ಬೆರಳಿನ ಗಾಯಕ್ಕೆ ಹುಳಿ ತಾಗಿ ಉರಿಯುತ್ತಿತ್ತು. ಊದಿಕೋ ಅನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಆಚೆ ದಡದ ಮನೆಗೆ ಸೈಗಾನಿನ ಹೊಲಿಗೆ ಕಾರ್ಖಾನೆಯಿಂದ ಹೆಣ್ಣುಮಕ್ಕಳು ಬಂದಿದ್ದರು. ಅವರ ನಗು ನೀರಿನ ಮೇಲೆ ಹಾಯ್ದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಬಾಗಿಲು ಮುಚ್ಚಿದೆ. ಹೊಗೆ ತುಂಬಿತು. ಮತ್ತೆ ತೆಗೆದೆ.

ಮೊದಲ ಸಲದ್ದು ಹಾಳಾಯಿತು. ಹಣ್ಣು ಕುಗ್ಗದಿರಲಿ ಅಂತ ಸುಣ್ಣದ ನೀರಿನಲ್ಲಿ ನೆನೆಸಬೇಕಲ್ಲ, ಸುಣ್ಣ ತಳಕ್ಕಿಳಿಯುವವರೆಗೆ ಯಾರು ಕಾಯುತ್ತಾರೆ ಅಂತ ಹಾಲಿನ ಹಾಗಿದ್ದ ನೀರಿಗೇ ಸುರಿದೆ. ತಿಳಿ ಆಗುವವರೆಗೆ ಕಾಯುವುದು ನಿನ್ನ ಕೆಲಸವಾಗಿತ್ತು. ನನಗೆ ಯಾವತ್ತು ಕಾದು ಗೊತ್ತಿದೆ? ಪಾಕ ಮಾಡಿ ಬಾಯಿಗಿಟ್ಟರೆ ನಾಲಗೆ ಸುಟ್ಟಿತು. ಬಾತುಕೋಳಿಗೆ ಎಸೆದೆ, ಅವೂ ಮೂಸಿ ಹೋದವು. ಜೋಲಿಯಲ್ಲಿ ಕೂತಿದ್ದ ಅಮ್ಮನ ಮೇಲೆ ಹರಿಹಾಯ್ದೆ.

"ನೋಡ್ತಾನೇ ಕೂತಿದ್ದೆ ಅಲ್ವಾ? ಒಂದು ಮಾತು ಹೇಳಿದ್ರೆ ಬಾಯಿ ಸವೀತಿತ್ತಾ?"

"ಹೇಳಿದ್ದು ಮರೆತುಹೋಗುತ್ತೆ. ಸುಟ್ಕೊಂಡಿದ್ದು ಮರೆಯಲ್ಲ. ಹೇಳಿಕೊಡೋಕೆ ನಾನು ಯಾವಾಗ್ಲೂ ನಿನ್ನ ಪಕ್ಕ ಇರ್ತೀನಾ?"

ಶುರುವಾಯಿತಪ್ಪ ಸಾಯುವ ಮಾತು ಅಂದುಕೊಂಡೆ. ವಯಸ್ಸಾದವರು ಹಬ್ಬ ಬಂದರೆ ಹಾಗೇ ಅಲ್ಲವಾ.

ಎರಡನೇ ಸಲ ಕಾದೆ. ನೀರು ತಿಳಿಯಾಗುವವರೆಗೆ ಪಾತ್ರೆಯ ಪಕ್ಕ ಸುಮ್ಮನೆ ಕೂತೆ. ಸಕ್ಕರೆಯಲ್ಲಿ ಹೊರಳಿಸಿ ಬಿಸಿಲಿಗಿಟ್ಟೆ, ಕರಗಿದ ಮೇಲೆ ಸಣ್ಣ ಉರಿ. ಕಲಕದೆ, ಪಾಕವನ್ನೇ ಎತ್ತಿ ಎತ್ತಿ ಮೇಲೆ ಹುಯ್ಯುತ್ತಾ ಇರಬೇಕಲ್ಲ, ಹುಯ್ದೆ. ಏನು ಬಂತು ಗೊತ್ತಾ ಅಕ್ಕ! ಒಂದೂ ಮುರಿದಿಲ್ಲ, ಒಂದೂ ಕಪ್ಪಾಗಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ನಿನ್ನ ಕೈಯಿಂದಲೂ ಹಾಗೆ ಬಂದದ್ದು ನೋಡಿಲ್ಲ. ಕೇಳಿ ಹೊಟ್ಟೆ ಉರಿಯಲಿ. ಅಮ್ಮ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು, ಚೆನ್ನಾಗಿದೆ ಅನ್ನಲಿಲ್ಲ, ಇನ್ನು ಸಾಕು ಅಂದಳು. ಆದರೆ ಅಂಗಳಕ್ಕೆ ಬಂದವರಿಗೆಲ್ಲ, ಪೂರ್ತಿ ಇವಳೇ ಮಾಡಿದ್ದು, ನಾನು ಸೌಟೂ ಮುಟ್ಟಿಲ್ಲ ಅಂತ ಹೇಳುತ್ತಿದ್ದಳು. ಹುಟ್ಟಿದ ಮೇಲೆ ನನ್ನನ್ನು ಯಾರ ಮುಂದೂ ಹೊಗಳದವಳು. ನನಗೆ ಒಳಗೊಳಗೇ ಖುಷಿಯಾಯಿತು. ಎಂಥ ದಡ್ಡಿ ನಾನು.

ಈಗ ವರ್ಷದ ಕೊನೆಯ ಮಧ್ಯಾಹ್ನದ ಕಥೆ. ಅದನ್ನು ಯಾರಿಗೂ ಹೇಳಿಲ್ಲ, ಹೇಳಲು ಯಾರಿದ್ದಾರೆ. ಹಿರಿಯರನ್ನು ಮನೆಗೆ ಕರೆಯುವ ಎಡೆ ಇಡುತ್ತಿದ್ದೆವು. ತಾತ, ಅಜ್ಜಿ, ಅಪ್ಪ, ಮೂವರಿಗೂ ಬಟ್ಟಲು, ಊಟದ ಕಡ್ಡಿ, ಅನ್ನ, ಹಂದಿಮಾಂಸ, ಹಾಗಲಕಾಯಿ ಸಾರು. ಎಲ್ಲದರಲ್ಲೂ ಚೆನ್ನಾಗಿರುವ ಕಿತ್ತಳೆ ಆರಿಸಿ ನಿನ್ನ ಬಟ್ಟಲಿಗೆ ಹಾಕಿದ್ದೆ, ಅದೇ ನೀಲಿ ಅಂಚಿನದು, ನಾನು ಬೀಳಿಸಿ ಚೂರು ಎದ್ದಿದ್ದು. ನಮ್ಮ ಊಟದ ಜಾಗದಲ್ಲಿ ನಿನ್ನ ಕಡೆಗೆ ಇಡೋಣ ಅಂತ. ಮೇಜಿನ ಮೇಲೆ ಜಾಗ ಇರಲಿಲ್ಲ. ಸಾರಿನ ಪಾತ್ರೆ ಇಳಿಸುವಾಗ ಕೈಯಲ್ಲಿದ್ದ ಬಟ್ಟಲನ್ನು ಹಿರಿಯರ ಪೀಠದ ಮೇಲೆ, ಅಪ್ಪನ ಫೋಟೋ ಪಕ್ಕ, ಅವರ ಬಟ್ಟಲುಗಳ ಸಾಲಿನಲ್ಲೇ ಇಟ್ಟುಬಿಟ್ಟೆ. ಮರೆತೂಬಿಟ್ಟೆ. ಅಮ್ಮ ಊದುಬತ್ತಿ ಹಚ್ಚಿ, ಬನ್ನಿ, ಊಟ ಮಾಡಿ ಅಂತ ಕೈ ಮುಗಿದಳು. ಆಮೇಲೆ ಕಣ್ಣು ಬಿಟ್ಟಳು.

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಟ್ಟಲು ಕಸಿದುಕೊಂಡು, ನಿಂತಲ್ಲೇ, ಕಿತ್ತಳೆ ಒಂದೊಂದನ್ನೂ ಬಾಯಿಗೆ ತುರುಕಿಕೊಂಡಳು. ಜಗಿಯುತ್ತಲೂ ಇರಲಿಲ್ಲ, ನುಂಗುತ್ತಿದ್ದಳು. ಸತ್ತವರಿಗೆ ಒಂದೂ ಉಳಿಯಬಾರದು ಅನ್ನುವ ಹಾಗೆ. ಪಾಕ ಗಲ್ಲದ ಮೇಲೆ ಇಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಅಪ್ಪನ ಫೋಟೋ ಮುಂದೆ ಕೈ ಮುಗಿದು ಹೇಳಿದಳು:

"ಇವಳಿಗೆ ಗೊತ್ತಾಗ್ಲಿಲ್ಲ ಕಣ್ರೀ. ಆ ಬಟ್ಟಲು ನಿಮ್ಮದಲ್ಲ. ದಾವೊ ಬದುಕಿದ್ದಾಳೆ. ಅವಳನ್ನ ಕರೀಬೇಡಿ."

ಹಬ್ಬ ಹೇಗಾಯಿತು ಅಂತ ಕೇಳುತ್ತೀಯಲ್ಲ, ಹಾಗಾಯಿತು. ಬಟ್ಟಲನ್ನು ಅವಳೇ ತೊಳೆದು, ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಡಬ್ಬಿಯೊಳಗೆ ಇಟ್ಟಳು. ಇಬ್ಬರೂ ಊಟ ಮಾಡಿದೆವು. ನೀನು ಕಳಿಸಿದ ದುಡ್ಡಿನಲ್ಲಿ ಹಾಕಿಸಿದ ಟೈಲ್ಸ್ ಮೇಲೆ ಇಬ್ಬರ ಕಡ್ಡಿ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಗೊತ್ತಾ? ಮೊದಲಿನ ಮಣ್ಣು ನೆಲ ಸದ್ದು ನುಂಗಿಕೊಳ್ಳುತ್ತಿತ್ತು. ಹೊಸ ವರ್ಷದ ಬೆಳಿಗ್ಗೆ ಮೊದಲು ಹೊಸ್ತಿಲು ದಾಟಿ ಬರಲು ತಾಮ್ ಚಿಕ್ಕಮ್ಮನನ್ನೇ ಹೇಳಿದ್ದೆವು, ಅವಳ ಕಾಲ್ಗುಣ ಒಳ್ಳೆಯದು ಅಂತ. ಬಂದಳು, ಕಿತ್ತಳೆ ತಿಂದಳು. ಒಳ್ಳೆ ವರ್ಷ ಆಗಲಿ, ಈ ಹುಡುಗಿ ಬಾಯಿಗೂ ಸ್ವಲ್ಪ ಸಿಹಿ ಬರಲಿ ಅಂತ ಹರಸಿದಳು. ಈ ಸಲ ನಾನು ತಿರುಗಿ ಏನೂ ಅನ್ನಲಿಲ್ಲ. ಅದಕ್ಕೇ ಅವಳಿಗೆ ಗಾಬರಿಯಾಯಿತು, ಹಣೆ ಮುಟ್ಟಿ ನೋಡಿದಳು.

ನಿನಗೆ ಡಬ್ಬಿ ಕಳಿಸುತ್ತಿಲ್ಲ. ತಿನ್ನಬೇಕು ಅನಿಸಿದರೆ ಇಲ್ಲಿಗೆ ಬಂದು ತಿನ್ನು.

ಬೈದಿದ್ದೇನೆ, ಇನ್ನೂ ಬೈಯುವುದಿದೆ, ಆದರೆ ಹೊಸ ವರ್ಷ. ನಿನ್ನ ಮೈ ಗಟ್ಟಿಯಾಗಿರಲಿ. ಚಳಿಗೆ ನಿನ್ನ ಕೈ ಒಡೆಯದಿರಲಿ. ಆ ಮನೆಯಲ್ಲಿ ಯಾರಾದರೂ ಒಬ್ಬರು ನಿನ್ನನ್ನು ಊಟವಾಯಿತಾ ಅಂತ ಕೇಳುವವರು ಇರಲಿ. ನಿನ್ನ ದನಿ ದೊಡ್ಡದಾಗಲಿ.

ನಿನ್ನ ತಂಗಿ,
ಲಾಯ್

ತಾ.ಕ. ಕೊನೆಯಲ್ಲಿ ಬರೆಯುತ್ತೇನೆ ಅಂದದ್ದು ಇದು. ನಿನ್ನೆ ಫುಂಗ್ ಬಂದಿದ್ದಳು. ನೆನಪಿದೆ ತಾನೇ, ನಿನ್ನ ಮದುವೆ ಕುದುರಿಸಿದ ದಲ್ಲಾಳಿ ಹೆಂಗಸು. ಅಮ್ಮನೇ ಹೇಳಿಕಳಿಸಿದ್ದಳಂತೆ. ಹಬ್ಬದ ತಟ್ಟೆ ನನ್ನ ಕೈಯಲ್ಲೇ ಕೊಡಿಸಿದಳು. ಫುಂಗ್ ಒಂದು ಕಿತ್ತಳೆ ಬೆಳಕಿಗೆ ಹಿಡಿದು ನೋಡಿ, ತಿಂದು, ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿದಳು. ಸುಣ್ಣದ ನೀರು ತಿಳಿಯಾಗೋ ತನಕ ಕಾಯೋ ಹುಡುಗಿ ಎಂಥ ಅತ್ತೆ ಜೊತೇಲೂ ಬಾಳ್ತಾಳೆ ಅಂದಳು. ಅಮ್ಮ ತಿಂಗಳಿಡೀ ಯಾಕೆ ಕೈ ಹಾಕಲಿಲ್ಲ ಅಂತ ಆಗ ಗೊತ್ತಾಯಿತು. ಎರಡನೇ ತಿಂಗಳ ಹುಣ್ಣಿಮೆ ಕಳೆದ ಮೇಲೆ ಫುಂಗ್ ನನ್ನನ್ನು ಸೈಗಾನಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿಗೆ ತೈವಾನಿನ ಗಂಡಸರು ಬರುತ್ತಾರಂತೆ, ನಮ್ಮಂಥ ಹುಡುಗಿಯರನ್ನು ಸಾಲಾಗಿ ಕೂರಿಸಿ ಹೆಂಡತಿಯನ್ನು ಆರಿಸುತ್ತಾರಂತೆ. ಅಮ್ಮ ಮಾತು ಕೊಟ್ಟಿದ್ದಾಳೆ.

ಫುಂಗ್ ಹೋದ ಮೇಲೆ ಅಮ್ಮನ ಮುಂದೆ ನಿಂತು ಕೇಳಿದೆ, ಅಕ್ಕನ್ನ ಸತ್ತವರ ಸಾಲಿಂದ ನೀನೇ ಎಳ್ಕೊಂಡೆ, ನನ್ನ ಯಾಕೆ ಅಲ್ಲಿಗೇ ಕಳಿಸ್ತೀಯ ಅಂತ. ತಟ್ಟೆಯಲ್ಲಿ ಉದುರಿದ ಸಕ್ಕರೆ ಒಟ್ಟು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಅವಳೊಬ್ಬಳೇ ಇದ್ದಾಳೆ ಕಣೇ ಅಲ್ಲಿ" ಅಂದಳು, ಅಷ್ಟೆ.

ಅವಳಿಗೂ ಗೊತ್ತು, ಅಕ್ಕ. ಫೋನ್ ಇಟ್ಟ ಸದ್ದು ಅವಳಿಗೂ ಕೇಳಿತ್ತು.

ಉತ್ತರವನ್ನು ಮನೆಗೆ ಕಳಿಸಬೇಡ, ತಾಮ್ ಚಿಕ್ಕಮ್ಮನ ಅಂಗಡಿಗೆ ಹಾಕು. ಒಂದೇ ಸಾಲು ಸಾಕು. ನಾನು ಬಂದರೆ ನಿನಗೆ ಜೊತೆಯಾಗುತ್ತದೆ ಅಂತಿದ್ದರೆ ಬಾ ಅಂತ ಬರೆ, ಬೈಯದೆ ಬರುತ್ತೇನೆ. ಬೇಡ ಅಂತಿದ್ದರೆ ಬರಬೇಡ ಅಂತ ಬರೆ, ಫುಂಗ್ ಅಲ್ಲ, ಅವಳ ಅಪ್ಪ ಬಂದರೂ ನಾನು ಈ ಹೊಸ್ತಿಲು ದಾಟುವುದಿಲ್ಲ. ಎಲ್ಲ ಚೆನ್ನಾಗಿದೆ ಅಂತ ಮಾತ್ರ ಬರೆಯಬೇಡ.