ಕೊನೆಯ ಕೇಸಿನವನನ್ನು ಒಮ್ಮೆ ಮೊದಲು ಕರೆಯಿರಿ

ಆಪರೇಷನ್ನಿನ ಸರದಿ ಬರೆಯುವ ಮೂತ್ರರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಪಟ್ಟಿಯಲ್ಲಿ ಎಚ್‌ಐವಿ ಇರುವವನ ಹೆಸರು ಯಾವಾಗಲೂ ಕೊನೆಗೇ ಏಕಿರುತ್ತದೆ? ಕೊನೆಯ ಹೆಸರಿನ ಹೊತ್ತಿಗೆ ನಿಮ್ಮ ಸಮಯ ಯಾವಾಗಲೂ ಏಕೆ ಮುಗಿದಿರುತ್ತದೆ? ಈ ಎರಡು ಪ್ರಶ್ನೆಗಳ ನಡುವೆ ನನ್ನ ಶರೀರದ ಒಂದು ಭಾಗ ಕೊಳೆತಿದೆ. ಅದರ ಹೆಸರನ್ನು ಸಭ್ಯರು ಪತ್ರಿಕೆಯಲ್ಲಿ ಬರೆಯುವುದಿಲ್ಲ. ನಾನು ಬರೆಯುತ್ತೇನೆ: ಶಿಶ್ನ.

ಗಾಂಧಿ ಬಜಾರಿನಲ್ಲಿ ನನ್ನದು ನಲ್ಲಿ, ಪೈಪುಗಳ ಅಂಗಡಿ. ಭದ್ರಾವತಿಯಿಂದ ಬಂದು ತಳ್ಳುಗಾಡಿಯಲ್ಲಿ ವಾಷರ್ ಮಾರಿ ಮೇಲೆ ಬಂದವನು. ನೀವೂ ನಾನೂ ಒಂದೇ ಕಸುಬಿನವರೆಂದು ಹೆಂಡತಿ ದಾಕ್ಷಾಯಣಿ ನಗುತ್ತಿದ್ದಳು. ಒಂದು ವ್ಯತ್ಯಾಸವಿದೆ. ಮನೆಯಲ್ಲಿ ನೀರು ಸೋರುತ್ತಿದೆ ಎಂದು ಓಡಿ ಬಂದವನಿಗೆ ನಾನು ಮೊದಲು ಸಾಮಾನು ಕೊಟ್ಟು ಕಳಿಸುತ್ತೇನೆ. ಹೊಸ ಮನೆಗೆ ಶವರ್ ಆರಿಸುವವರು ಕಾಯುತ್ತಾರೆ.

ಎಚ್‌ಐವಿ ಬಹಳ ವರ್ಷಗಳಿಂದ ಇದೆ. ಗುಳಿಗೆ ತಪ್ಪಿಸಿಲ್ಲ, ರಕ್ತದಲ್ಲಿ ವೈರಸ್ ಪತ್ತೆಯೇ ಆಗುತ್ತಿಲ್ಲವೆಂದು ಗುಳಿಗೆ ಕೊಡುವ ಕೇಂದ್ರದವರು ಬೆನ್ನು ತಟ್ಟಿದ್ದರು. ಆಮೇಲೆ ಮುಂದೊಗಲು ಬಿಗಿಯಾಯಿತು, ಒಳಗೆ ಹೆಸರುಕಾಳಿನಷ್ಟು ಗಂಟು, ಮೂತ್ರಕ್ಕೆ ಹೋದರೆ ಉರಿ. ಎಚ್‌ಐವಿ ಇರುವವರಲ್ಲಿ ಇಂಥದ್ದು ಕ್ಯಾನ್ಸರ್ ಆಗುವ ಭಯ ಹೆಚ್ಚು, ತೊಗಲು ತೆಗೆದು ಗಂಟನ್ನು ಪರೀಕ್ಷೆಗೆ ಕಳಿಸಬೇಕು ಎಂದು ನಿಮ್ಮದೇ ವೈದ್ಯರು ಬರೆದರು. ಸಣ್ಣ ಕೆಲಸ. ಜೊತೆಗೆ ಫೈಲಿನ ಮೇಲೆ ಎಚ್‌ಐವಿ ಎಂದು ಬರೆಯುವ ಬದಲು ಒಂದು ಕೆಂಪು ಚೀಟಿ ಅಂಟಿಸಿದರು. ಗೌಪ್ಯತೆ ಕಾಪಾಡುವುದಕ್ಕಂತೆ! ಅದನ್ನು ಕಂಡ ಪಕ್ಕದ ಹಾಸಿಗೆಯವರು ಕೂಡಲೇ ತಮ್ಮ ನೀರಿನ ಬಾಟಲಿಯನ್ನು ಆಚೆ ಸರಿಸಿಕೊಂಡರು.

ಮಂಗಳವಾರ ಬೆಳಗಿನಿಂದ ಉಪವಾಸ ಕೂತೆ. ಸಂಜೆ ಆಯಾ ಸಾವಿತ್ರಮ್ಮ ಬಂದರು. "ಇವತ್ತು ಆಗಲ್ಲ ಕಣಣ್ಣ, ಟೈಮ್ ಆಯ್ತಂತೆ. ಎದ್ದು ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ." ಮುಂದಿನ ಸರದಿಯಲ್ಲೂ ಅದೇ ಮಾತು. ಅದರ ಮುಂದೆಯೂ ಅದೇ. ಕಿರಿಯ ವೈದ್ಯರೊಬ್ಬರನ್ನು ತಡೆದು ಕೇಳಿದೆ.

"ನಿಮ್ದು ಮಾಡಿದ್ರೆ ಥಿಯೇಟರ್ ಪೂರ್ತಿ ತೊಳೀಬೇಕು ಕಣ್ರೀ. ಅದಕ್ಕೇ ಲಾಸ್ಟ್."

"ಹಂಗಾದ್ರೆ ಮುಂಚೆ ಹೋದೋರ ರಕ್ತ ತೊಳೀದೇ ಅದ್ರ ಮೇಲೇ ನನ್ನ ಮಲಗಿಸ್ತೀರಾ ಸಾರ್?"

ಅವರು ಮೊಬೈಲ್ ನೋಡಿಕೊಂಡರು.

ಮಾನ್ಯರೇ, ಯಾರ ರಕ್ತವಾದರೂ ಒಂದೇ ಎಚ್ಚರಿಕೆ ಎಂದು ನಿಮ್ಮ ಗೋಡೆಯ ಫಲಕವೇ ಹೇಳುತ್ತದೆ. ಅದನ್ನು ಓದಲು ನಮಗೆ ಬೇಕಾದಷ್ಟು ಸಮಯ ಸಿಕ್ಕಿದೆ. ಭೇದ ಮಾಡಬಾರದೆಂಬ ಕಾನೂನೂ ಇದೆ. ನೀವೆಲ್ಲಿ ಭೇದ ಮಾಡಿದಿರಿ? ಬರೀ ಕೊನೆಗೆ ಬರೆದಿರಿ. ಬೇಡವೆಂದು ಎಲ್ಲಿ ಅಂದಿರಿ? ಬರೀ ಮುಂದಕ್ಕೆ ಹಾಕಿದಿರಿ.

ಮಳೆಗಾಲ ಕಳೆದ ಮೇಲೆ ಅಂತೂ ಕತ್ತರಿಸಿದಿರಿ. ವರದಿ ಬಂತು: ಕ್ಯಾನ್ಸರ್, ತೊಡೆಸಂದಿಗೂ ಹರಡಿದೆ. ಈಗ ಅರ್ಧ ತೆಗೆಯಬೇಕಂತೆ. ತೆಗೆದರೂ ಉಳಿಯುವ ಮಾತನ್ನು ಯಾರೂ ಆಡುತ್ತಿಲ್ಲ. ದಾಕ್ಷಾಯಣಿ ಕಸುಬಿನ ತಮಾಷೆ ನಿಲ್ಲಿಸಿದ್ದಾಳೆ.

ನನಗಾಗಿ ಏನೂ ಕೇಳುತ್ತಿಲ್ಲ. ಗುಳಿಗೆಯ ಸಾಲಿನಲ್ಲಿ ಪರಿಚಯವಾದ ವೈರಿಂಗ್ ಕೆಲಸದವನೊಬ್ಬ ಅಂಥದೇ ಹೆಸರುಕಾಳಿನ ಗಂಟು ಹೊತ್ತು ಬರುವ ಮಂಗಳವಾರ ನಿಮ್ಮಲ್ಲಿಗೆ ಬರುತ್ತಾನೆ. ಅವನ ಹೆಸರು ಇಲ್ಲಿ ಬೇಡ. ನಿಮ್ಮ ಪಟ್ಟಿಯಲ್ಲಿದೆ, ಎಲ್ಲಿದೆ ಎಂಬುದೂ ನಿಮಗೆ ಗೊತ್ತು. ಅದನ್ನು ಮೊದಲು ಬರೆಯಿರಿ. ಆಮೇಲೆ ಬೇಕಾದರೆ ಇಡೀ ಭದ್ರಾ ಹೊಳೆಯನ್ನೇ ತಂದು ಥಿಯೇಟರ್ ತೊಳೆಯಿರಿ, ಪೈಪು ನಾನು ಕೊಡುತ್ತೇನೆ.

ನೀವು ಬರೆಯುವುದಿಲ್ಲ. ಅದಕ್ಕೇ ಅವನಿಗೆ ಹೇಳಿಟ್ಟಿದ್ದೇನೆ: "ಒಂದು ಡಬ್ಬಿ ಮೊಸರನ್ನ ಹಿಡ್ಕೊಂಡು ಹೋಗು ಮಾರಾಯ. ಅವರು ಆಗಲ್ಲ ಅನ್ನೋ ಹೊತ್ತಿಗೆ ಕ್ಯಾಂಟೀನ್ ಮುಚ್ಚಿರುತ್ತೆ."

ಇಂತಿ, ಪಟ್ಟಿಯ ತಳದಿಂದ,
ಪೈಪ್ ಅಂಗಡಿ ಚಂದ್ರಶೇಖರಪ್ಪ, ಗಾಂಧಿ ಬಜಾರ್
ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆಂಪು ಚೀಟಿ ಆಗಲೇ ಹೇಳಿಯಾಗಿದೆ.