ತುಂಬಿದ ಬ್ಯಾಟರಿ

ಮನೆ
ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೇ? ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ, ಹೊಲಿಗೆ ಅಂಗಡಿ ಎಲ್ಲ ನಡೆದಿದೆ. ಅಳು ಮಾತ್ರ ಬರುತ್ತಿಲ್ಲ. ಬಂದಾಗ ಬರಲಿ, ಬಿಡು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಈ ಕಾಗದ.

ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಕರೆಂಟಿನದು ಅದೇ ಹಾಡು: ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ನೀನು ತಾರಸಿಯ ಮೇಲೆ ಸೋಲಾರ್ ಕೂರಿಸಿಕೊಟ್ಟಿದ್ದರಿಂದ ನನಗೆ ತೊಂದರೆಯಿಲ್ಲ. ಎದುರುಮನೆಯ ಟೀಚರು “ಒಂಚೂರು ಚಾರ್ಜ್ ಮಾಡ್ಕೊಳ್ಲಾ?” ಎಂದು ಮೊಬೈಲು ಹಿಡಿದು ಬರುತ್ತಾರೆ. ಮುಂಚೆ ಆಗಿದ್ದರೆ ಮುಖ ಸಿಂಡರಿಸುತ್ತಿದ್ದೆ. ಅಮ್ಮನ ಆಕ್ಸಿಜನ್ ಮಷೀನಿಗೆ ಸಾಲದೆ ಹೋದೀತೆಂದು ಫ್ಯಾನು ಹಾಕದೆ, ಮಿಕ್ಸಿ ಮುಟ್ಟದೆ, ಒಂದೇ ಬಲ್ಬಿನಲ್ಲಿ ಅದೆಷ್ಟು ಜಿಪುಣತನ ಮಾಡುತ್ತಿದ್ದೆ! “ಇವಳು ಮಿಂಚುಹುಳಕ್ಕೂ ಸ್ವಿಚ್ ಹುಡುಕ್ತಾಳೆ” ಎಂದು ಅಮ್ಮ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ನಗುತ್ತಿದ್ದಳು. ಈಗ ಟೀಚರ ಮೊಬೈಲಷ್ಟೇ ಅಲ್ಲ, ಅವರ ಮಗಳ ಲ್ಯಾಪ್‌ಟಾಪೂ ಇಲ್ಲೇ. ಆದರೂ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. ಮನೆಯ ಮೂರೂ ಫ್ಯಾನು ಹಾಕಿಕೊಂಡು ಒಬ್ಬಳೇ ಕೂರುತ್ತೇನೆ. ಸೆಖೆಯೇನೂ ಇರುವುದಿಲ್ಲ.

ಇನ್ನು ನಿನ್ನ ವಿಷಯ. ಹದಿನೈದು ವರ್ಷ ಕಂಡವರ ತಾರಸಿಗೆಲ್ಲ ಸೋಲಾರ್ ಹಾಕಿದವನು ಈಗ ಕೆಲಸ ಬಿಟ್ಟು ಕೂತಿದ್ದೀಯಂತೆ. “ಹಳೇ ಬ್ಯಾಟರಿ ಹಾಕಿ ಅಮ್ಮನ್ನ ನಾನೇ ಕೊಂದೆ” ಎನ್ನುತ್ತೀಯಂತೆ. ನಿನ್ನ ಹೆಂಡತಿ ಫೋನು ಮಾಡಿ ಅತ್ತಳು. ಹಾಗೆಲ್ಲ ಅನ್ನಬೇಡ. ನಾಳೆಯೇ ಕೆಲಸಕ್ಕೆ ಹೋಗು. ಅಕ್ಕನ ಮಾತು ಒಂದಾದರೂ ಕೇಳು ಮಾರಾಯ.

ಅವಳಿಗೂ ಮಗುವಿಗೂ ನನ್ನ ಆಶೀರ್ವಾದ ತಿಳಿಸು. ನೀನು ನೂರು ಕಾಲ ತಣ್ಣಗಿರು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಬ್ಯಾಟರಿ ಕೆಟ್ಟಿರಲಿಲ್ಲ ಕಣೋ. ಈಗ ದಿನವೂ ತುಂಬುತ್ತಿರುವುದು ಅದೇ. ಅವತ್ತು ಬೆಳಿಗ್ಗೆ ಅಮ್ಮನ ಕಂಬಳಿ ಒಗೆದು, ಬೇಗ ಒಣಗಲೆಂದು ಒಂದು ಪ್ಯಾನೆಲ್ಲಿನ ಮೇಲೆ ಹರವಿ ಅಂಗಡಿಗೆ ಹೋದೆ. ಇನ್ನೊಂದು ಬಿಸಿಲಲ್ಲೇ ಇದೆಯಲ್ಲ, ಸಾಕು ಅಂದುಕೊಂಡೆ. ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿದೆ, ಒಂದನ್ನು ಮುಚ್ಚಿದರೂ ಬ್ಯಾಟರಿಗೆ ಚಾರ್ಜೇ ಹೋಗುವುದಿಲ್ಲವೆಂದು ನೀನು ಹೇಳಿದ್ದೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೂರಕ್ಕೆ ಬಂದಾಗ ಮಷೀನು ನಿಂತಿತ್ತು. ಅಮ್ಮ ತಣ್ಣಗಾಗಿದ್ದಳು. ಮೊದಲು ಯಾರನ್ನೂ ಕೂಗಲಿಲ್ಲ. ತಾರಸಿಗೆ ಹೋಗಿ ಕಂಬಳಿ ತೆಗೆದೆ. ಒಣಗಿತ್ತು. ಮಡಚಿಟ್ಟು, ಆಮೇಲೆ ಟೀಚರನ್ನು ಕೂಗಿದೆ. ಮಾರನೇ ದಿನ ಎಲೆಕ್ಟ್ರಿಷಿಯನ್ “ಬ್ಯಾಟರಿ ಹಳೇದು, ಅದಕ್ಕೇ ಕೈ ಕೊಡ್ತು” ಎಂದಾಗ ನೀನು ಅವನನ್ನು ನೋಡಲಿಲ್ಲ, ನನ್ನ ಮುಖ ನೋಡಿದೆ. ನಾನು ಹೌದೆಂದು ತಲೆಯಾಡಿಸಿದೆ.