ಮೇಜಿನ ಮೇಲಿನ ನಕ್ಷತ್ರ ತಿನ್ನಬೇಡಿ

ರೀ,

ಹೊಲಿಗೆ ಅಂಗಡಿಗೆ ಹೊರಟೆ. ಕ್ರಿಸ್‌ಮಸ್ ಬಟ್ಟೆಗೆ ಜನ ಆಗಲೇ ಬಾಗಿಲಲ್ಲಿ ಕೂತಿದ್ದಾರಂತೆ.

ಮೇಜಿನ ಮೇಲೆ ಒಣಗುತ್ತಿರುವ ನಕ್ಷತ್ರಗಳು ಮರಕ್ಕೆ ಕಟ್ಟುವುದಕ್ಕೆ ಮಾಡಿದ್ದು. ಎರಡು ಲೋಟ ಮೈದಾಗೆ ಒಂದು ಲೋಟ ಉಪ್ಪು ಹಾಕಿದ್ದೇನೆ. ದಾರ ಪೋಣಿಸುವ ತೂತು ಇದ್ದರೆ ಮರಕ್ಕೆ, ಇಲ್ಲದಿದ್ದರೆ ಬಾಯಿಗೆ. ಬಾಯಿಗೆ ಹೋಗುವ ಬಿಸ್ಕತ್ತು ನೀಲಿ ಡಬ್ಬಿಯಲ್ಲಿದೆ. ಪಕ್ಕದಲ್ಲೇ ನಿಮ್ಮ ಅಕ್ಕನಿಗೆ ಅಂತ ರಿಬ್ಬನ್ ಕಟ್ಟಿಟ್ಟಿರುವ ಪೊಟ್ಟಣ ಇದೆ, ಅದನ್ನು ಮಾತ್ರ ಬಿಚ್ಚಬೇಡಿ.

ಮಗಳು ಬಂದ ಮೇಲೆ ಇಬ್ಬರೂ ಕೂತು ನಕ್ಷತ್ರಕ್ಕೆ ಬಣ್ಣ ಹಚ್ಚಿ. ಬ್ರಷ್ಷನ್ನು ಟೀ ಲೋಟಕ್ಕೆ ಅದ್ದಬೇಡಿ.

ಹೋದ ವರ್ಷ ಇಂಥವೇ ಮೂರನ್ನು ಕಟಕಟ ಅಗಿದು ನುಂಗಿ, "ಬಹಳ ಚೆನ್ನಾಗಿದೆ ಕಣೇ, ಉಪ್ಪು ಒಂಚೂರು ಮುಂದಾಗಿದೆ ಅಷ್ಟೆ" ಅಂದಿರಿ. ಆಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಇವತ್ತು ಹಿಟ್ಟು ಕಲಸುವಾಗ ನಗು ಬರಲಿಲ್ಲ, ಅನುಮಾನ ಬಂತು. ಮದುವೆಯಾದಾಗಿನಿಂದ ನನ್ನ ಅಡುಗೆಯನ್ನು ಹೊಗಳುತ್ತಲೇ ಇದ್ದೀರಲ್ಲ, ಅದರಲ್ಲಿ ನಿಜ ಎಷ್ಟು?

ಊಟ ಮುಚ್ಚಿಟ್ಟಿದ್ದೇನೆ. ಹೇಗಿತ್ತು ಅಂತ ಈ ಚೀಟಿಯ ಹಿಂದೆ ಬರೆದಿಡಿ. ನಿಜವನ್ನೇ ಬರೆಯಿರಿ.

ಆದರೆ ನೋಡಿಕೊಂಡು ಬರೆಯಿರಿ.